ನಾಲ್ಕನೇ ಭಾಗ ರಾಯಚೂರಿನಲ್ಲಿದೆ

ಅಕ್ಕ,

ತೆಲಂಗಾಣ ರಾಜ್ಯ ಬಂತೆಂದು ಇವತ್ತು ನಮ್ಮೂರು ಮಕ್ತಲ್ ತುಂಬ ಪಟಾಕಿ. ನನ್ನ ಮಗಳು ಭುವನೇಶ್ವರಿ ಮಾತ್ರ ಮನೆಯೊಳಗೆ ಕಾದಂಬರಿ ಸರಣಿಯೊಂದನ್ನು ಓದಿ ಅಳುತ್ತಿದ್ದಳು. ಅಕ್ಕ-ತಂಗಿ ಇಬ್ಬರೂ ಒಬ್ಬನನ್ನೇ ಮೆಚ್ಚುವ ಕಥೆ. ಮೂರನೇ ಭಾಗದಲ್ಲಿ ಅಕ್ಕ ತಾನಾಗಿಯೇ ದೂರ ಸರಿಯುತ್ತಾಳಂತೆ.

"ಅಕ್ಕನ ಮನಸು ತಂಗಿಗೆ ಗೊತ್ತಿದ್ದಿಲ್ಲ, ಪಾಪ!" ಅಂದಳು.

"ಗೊತ್ತಿತ್ತು," ಅಂದೆ.

"ನೀ ಓದೇ ಇಲ್ಲ. ನಿನಗ ಹೆಂಗ ಗೊತ್ತವ್ವ?"

ಅಂಗಳದಲ್ಲಿ ಇವರು ನಕ್ಕರು. ನನ್ನ ಮದುವೆಗೆ ಮುಂಚೆ ನಾವಿಬ್ಬರೂ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಅದೇ ನಗು. ಸುಖವಾಗಿದ್ದೇನೆ ಅಕ್ಕ, ಸುಳ್ಳಲ್ಲ.

ನಾಲ್ಕನೇ ಭಾಗ ನಿನ್ನ ರಾಯಚೂರಿಗೆ ಬಂದಿದೆಯಂತೆ. "ದೊಡ್ಡವ್ವನ ಮನಿಗೆ ಹೋಗಿ ತರ್ತೀನಿ," ಎಂದು ಹಟ ಹಿಡಿದಳು. ಬಸ್ಸು ಗಂಟೆಗೊಂದಿದೆ.

"ಬ್ಯಾಡ, ಗದ್ವಾಲದಿಂದ ತರಸೋಣು," ಅಂದೆ.

ಗದ್ವಾಲದ ಅಂಗಡಿಯಲ್ಲಿ ಬರೀ ತೆಲುಗು, ಕನ್ನಡ ಕಾದಂಬರಿ ಸಿಗುವುದಿಲ್ಲ. ಅದೂ ನನಗೆ ಗೊತ್ತಿತ್ತು.