ಬ್ಲೇಡ್ ಇಲ್ಲದ್ದೇ ತಗೊ

ತಮ್ಮಾ,

ಕೆಲಸಕ್ಕೆ ಹೊರಟೆ. ಊಟ ಕಲಸಿಟ್ಟಿದ್ದೀನಿ, ಎಡಗೈಲಿ ಚಮಚ ಹಿಡಿದು ತಿನ್ನು. ಬಲಗೈ ಕಟ್ಟು ನೀರಲ್ಲಿ ನೆನೆಸ್ಕೋಬೇಡ. ಬಾಗಿಲ ಮೇಲಿನ ರಕ್ತ ಮುಟ್ಟಬೇಡ, ಬಂದು ನಾನೇ ಒರೆಸ್ತೀನಿ.

ನಿನ್ನೆ ಗಾಜಿನ ತೊಟ್ಟೀಲಿ ಎಂಟು ಮೀನೂ ಹೊಟ್ಟೆ ಮೇಲಾಗಿ ತೇಲ್ತಿದ್ದದ್ದು ನೋಡಿ ಕೋಪ ನೆತ್ತಿಗೇರಿತು. ನೆಲ ಒರೆಸೋ ಫಿನಾಯಿಲ್ ಬಕೆಟ್ಟಲ್ಲಿ ತೊಟ್ಟಿಗೆ ನೀರು ತುಂಬಿ ನೀನೇ ಕೊಂದೆ ಅಂತ, ಕೈಲಿದ್ದ ಗಾಜು ಉಜ್ಜೋ ಬ್ಲೇಡನ್ನೇ ನಿನ್ನ ಮೇಲೆ ಬೀಸಿದೆ. "ಅಕ್ಕಾ, ನಾನಲ್ಲ ಕಣೇ" ಅಂತ ನೀನು ಕೈ ಅಡ್ಡ ಹಿಡಿದೆ. ಆರು ಹೊಲಿಗೆ.

ಬೆಳಿಗ್ಗೆ ಪಕ್ಕದ ಮನೆ ಮೇಷ್ಟ್ರು ಅವರ ಕಿಟ್ಟಲ್ಲಿ ತೊಟ್ಟಿ ನೀರು ಪರೀಕ್ಷೆ ಮಾಡಿದ್ರು. ಬಣ್ಣ ಕಡುಹಸಿರಾಯ್ತು, ಅಂದ್ರೆ ಮೀನಿನ ಕೊಳೆಯ ಅಮೋನಿಯಾ ವಿಷ ಏರಿದೆ ಅಂತ. ಭಾನುವಾರ ಫಿಲ್ಟರಿನ ಸ್ಪಂಜನ್ನ ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗೋ ತನಕ ತಿಕ್ಕಿದೋಳು ನಾನು. ಕೊಳೆ ತಿನ್ನೋ ಒಳ್ಳೆ ಬ್ಯಾಕ್ಟೀರಿಯಾ ಎಲ್ಲ ಅಲ್ಲೇ ಸತ್ತವಂತೆ. ಮೀನು ಕೊಂದೋಳು ನಾನೇ.

ಸಂಜೆ ಅಕ್ವೇರಿಯಂ ಅಂಗಡಿಗೆ ಹೋಗು. ಹನಿ ಹಾಕಿ ಬಣ್ಣ ನೋಡೋ ಕಿಟ್ ತಗೊ, ಕಾಗದದ ಪಟ್ಟಿ ಅದ್ದಿ ನೋಡೋದು ಬೇಡ. ಹೊಸ ಬಕೆಟ್ಟೂ ಬೇಕು. ತಪ್ಪು ನಿಂದಲ್ಲದಿದ್ರೂ, ಆ ಹಳೇ ಬಕೆಟ್ ಮತ್ತೆ ತೊಟ್ಟಿ ಹತ್ತಿರ ಕಂಡ್ರೆ ನಿನ್ನ ತಲೆ ಮೇಲೇ ಕವುಚ್ತೀನಿ.

ಗಾಜು ಉಜ್ಜೋಕೆ ಆಯಸ್ಕಾಂತದ್ದು ತಗೊ. ಬ್ಲೇಡ್ ಇರೋದು ಬೇಡವೇ ಬೇಡ. ಅಂಗಡಿಯವನು "ಯಾಕೆ, ಮನೇಲಿ ಚಿಕ್ಕ ಮಕ್ಕಳಿದ್ದಾರಾ?" ಅಂದ್ರೆ, ಇಲ್ಲ, ಅಕ್ಕ ಇದ್ದಾಳೆ ಅನ್ನು.