ಅತ್ತೆಯ ಬಲಗೈ

ಮತೇರಾ ಬಳಿಯ ಹಳ್ಳಿ, ಭಾನುವಾರ

ಅಕ್ಕಾ,

ಗಂಡನ ಊರಿಗೆ ಬಂದು ತಿಂಗಳಾಯಿತು. ನಮ್ಮ ಕಡೆ ನಾವು ಉಣ್ಣುವ ಮೆಕ್ಕೆಜೋಳವನ್ನು ಇಲ್ಲಿ ಕೋಳಿಗೆ ಹಾಕುತ್ತಾರೆ. ಊಟವೆಂದರೆ ಗೋಧಿಯ ಬ್ರೆಡ್ಡೇ. ನನಗೆ ಗ್ಲುಟೆನ್ ಆಗುವುದಿಲ್ಲ, ಗೋಧಿ ಮುಟ್ಟುವಂತಿಲ್ಲ ಎಂದಾಗ ಅತ್ತೆ ದೊನಾತಾ, "ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀಯ? ಅಕ್ಕಿಹಿಟ್ಟಲ್ಲಿ ಮಾಡ್ಕೊಡ್ತೀನಿ" ಎಂದರು.

ಹೊಸ ಮಣೆ, ಹೊಸ ಪಾತ್ರೆ, ಬೀಗ ಹಾಕಿದ ಡಬ್ಬಿ ಎಲ್ಲ ಬಂದವು. ಬ್ರೆಡ್ ಕಚ್ಚುತ್ತ ಒಳಗೆ ಬಂದ ನನ್ನ ಗಂಡ ರೊಕ್ಕೊನನ್ನು ಪೊರಕೆ ತೋರಿಸಿ ಓಡಿಸಿದರು, ಹೆತ್ತ ಮಗನೆಂದೂ ನೋಡಲಿಲ್ಲ. ನಾದಿ, ಉಬ್ಬಿಸಿ, ಒಲೆಗೆ ಇಡುವ ಮುನ್ನ ಮೂಲೆಯ ಚೀಲದಿಂದ ಒಂದು ಹಿಡಿ ಗೋಧಿಹಿಟ್ಟು ತೆಗೆದು ಅದರ ಮೇಲೆ ಉದುರಿಸಿ, ಬೆರಳಿನಿಂದ ಶಿಲುಬೆ ಎಳೆದರು.

"ಅತ್ತೆ, ಅದು ಗೋಧಿ ಅಲ್ವಾ?"

"ಇದಾ? ಇದು ಆಶೀರ್ವಾದ ಕಣೇ," ಎಂದವರು ಆಮೇಲೆ ತಮ್ಮ ಕೈ ನೋಡಿಕೊಂಡರು.

ಆ ಬ್ರೆಡ್ಡೂ ಕೋಳಿಗೆ ಹೋಯಿತು. ಮತ್ತೆ ನಾದಿದರು, ಕೈ ಮತ್ತೆ ಚೀಲಕ್ಕೇ ಹೋಯಿತು. ಚೀಲವನ್ನು ಹೊರಗಿಟ್ಟೆವು. ಕೈ ಏಪ್ರನ್ನಿನ ಜೇಬಿನಲ್ಲಿ ಹಿಟ್ಟು ಹುಡುಕಿತು. "ಮದುವೆಯಾದಾಗಿಂದ ಇದೇ ಮಾಡಿದೆ, ದರಿದ್ರದ ಕೈ, ನನ್ನ ಮಾತೇ ಕೇಳಲ್ಲ" ಎಂದು ಬೈದರು.

ನನ್ನ ಹೊಟ್ಟೆ ಚೆನ್ನಾಗಿಯೇ ಇದೆ. ಮಾತ್ರೆ ಕಳಿಸಬೇಡ. ಒಲೆಗೆ ಇಡುವ ಹೊತ್ತಿಗೆ ಅತ್ತೆಯ ಬಲಗೈಯನ್ನು ನಾನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಶಿಲುಬೆಯನ್ನು ಅಕ್ಕಿಹಿಟ್ಟು ಉದುರಿಸಿ ಎಡಗೈಯಿಂದ ನಾನೇ ಎಳೆಯುತ್ತೇನೆ. ಅದು ಸೊಟ್ಟಗಿರುತ್ತದೆ.

"ಇರಲಿ ಬಿಡು, ದೇವರಿಗೆ ಅರ್ಥ ಆಗುತ್ತೆ" ಎನ್ನುತ್ತಾರೆ. ಒಲೆಯ ಬಾಗಿಲು ಮುಚ್ಚಿದ ಮೇಲೂ ಅವರು ನನ್ನ ಕೈ ಬಿಡುವುದಿಲ್ಲ.

ಕರೆಯುತ್ತಿದ್ದಾರೆ, ಹಿಟ್ಟು ಉಬ್ಬಿತಂತೆ.

ಲುಚಿಲ್ಲಾ