ಹತ್ತು ಸಲವೂ ನನ್ನದೇ ಕಾರ್ಡು

ಆರೋಗ್ಯದ ಸ್ಮಾರ್ಟ್ ಕಾರ್ಡ್ ಕೊಡುವ, ಅದನ್ನು ಓದುವ ಯಂತ್ರಗಳನ್ನು ಪರೀಕ್ಷಿಸಿ ಒಪ್ಪಿಗೆಯನ್ನೂ ಕೊಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಒಪ್ಪಿಗೆಯ ಮುದ್ರೆ ಹೊತ್ತ ಯಂತ್ರವೊಂದು ಕೋಪರಿಯ ಉಮಾವತಿ ಎಂಬ ಹೆಂಗಸನ್ನು ನಾಲ್ಕು ಜನರೆದುರು ಕಳ್ಳಿ ಎಂದಿತು. ಯಂತ್ರಕ್ಕೆ ಬಾಯಿಲ್ಲ, ಅದರ ಪರವಾಗಿ ಆ ಮಾತು ಆಡಿದವನು ನಾನು. ಹಾಗಾಗಿ ಈ ಪತ್ರವನ್ನು ತಲೆಯೆತ್ತಿ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ.

ಊರ ಶಾಲೆಯಲ್ಲಿ ಏಳನೆಯವರೆಗೆ ಓದಿ, ಡೊಂಬಿವಲಿಯ ಹೋಟೆಲಿನಲ್ಲಿ ಮಾಣಿಯಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತನಾದವನು ನಾನು. ಆಮೇಲೆ ಥಾಣೆಯ ಒಂದು ಆಸ್ಪತ್ರೆಯ ಆರೋಗ್ಯ ಕಾರ್ಡಿನ ಕೌಂಟರಿನಲ್ಲಿ ನಮ್ಮ ಕನ್ನಡದವರಿಗೆ ನೆರವಾಗಲು ಕೂತೆ. ಕಂಪ್ಯೂಟರ್ ನನಗೆ ನೀರು ಕುಡಿದಷ್ಟು ಸುಲಭ ಎಂದು ಸಿಕ್ಕವರಿಗೆಲ್ಲ ಹೇಳಿದ್ದೆ. ಮೌಸ್ ಹಿಡಿಯಲು ಕಲಿತು ಆಗ ಒಂದು ವಾರವಾಗಿತ್ತು.

೨೦೧೩ರ ಜುಲೈಯಲ್ಲಿ ಉಮಾವತಿ ಕಣ್ಣಿನ ಪೊರೆಯ ಆಪರೇಷನ್ನಿಗೆ ದಿನ ಗೊತ್ತುಮಾಡಲು ಬಂದಳು. ಮೆಸ್ಸೊಂದರಲ್ಲಿ ಚಪಾತಿ ಬೇಯಿಸುವವಳು. ಅವಳಿಗಿಂತ ಮುಂದಿದ್ದ ಸ್ವರ್ಣಲತಾ ಎಂಬವರ ಕಾರ್ಡನ್ನು ಒಂದು ಕೈಯಲ್ಲಿ ಎಳೆದು, ಇನ್ನೊಂದು ಕೈಯಲ್ಲಿ ಇವಳದ್ದನ್ನು ತುರುಕಿದೆ. ಹೋಟೆಲಿನಲ್ಲಿ ಟೇಬಲ್ ಖಾಲಿ ಮಾಡಿಸಿದ ಕೈ, ತಡ ಸಹಿಸುವುದಿಲ್ಲ. ಸ್ವರ್ಣಲತಾ ಹೊರಟುಹೋದರು. ಪರದೆಯಲ್ಲಿ ಮಾತ್ರ ಅವರ ಹೆಸರೇ ನಿಂತಿತ್ತು.

“ಉಮಕ್ಕ, ಕಾರ್ಡಿನ ಮೇಲೆ ನಿಮ್ಮ ಹೆಸರು, ಒಳಗೆ ಬೇರೆಯವರದ್ದು. ಮೆಷಿನ್ ಸುಳ್ಳು ಹೇಳುದಿಲ್ಲ” ಎಂದೆ, ಸಾಲಿನ ತುದಿಗೂ ಕೇಳುವ ಹಾಗೆ.

“ನನ್ನ ಹೆಸರನ್ನು ನಾನೇ ಕದಿಯುದಾ ಅಣ್ಣ?” ಎಂದಳು. ಸೆರಗು ಎಳೆದುಕೊಂಡು ಹೋದಳು. ನಾನು ರಿಜಿಸ್ಟರಿನಲ್ಲಿ ‘ಖೋಟಾ’ ಎಂದು ಬರೆದೆ. ನಿಮ್ಮ ಕಚೇರಿ ಅದನ್ನು ನಂಬಿ ಕಾರ್ಡನ್ನು ಬಂದ್ ಮಾಡಿತು.

ಅಕ್ಟೋಬರಿನಲ್ಲಿ ನನ್ನ ತಂಗಿಯ ಕಾರ್ಡು ಹಾಕಿದಾಗಲೂ ಪರದೆಯಲ್ಲಿ ಬೇರೆಯವರ ಹೆಸರೇ ಬಂತು. ಅವಳ ಮಗಳು ಶ್ರದ್ಧಾ ಮಹಾಪೆಯ ಕಂಪೆನಿಯೊಂದರಲ್ಲಿ ಪ್ರೋಗ್ರಾಮುಗಳ ತಪ್ಪು ಹುಡುಕುವ ಕೆಲಸದವಳು. ಕೌಂಟರಿಗೇ ಬಂದು ತಾಯಿಯ ಕಾರ್ಡು, ನನ್ನ ಕಾರ್ಡು ಎರಡನ್ನೂ ತೆಗೆದುಕೊಂಡು ಒಮ್ಮೆ ನಿಧಾನವಾಗಿ, ಒಮ್ಮೆ ಅವಸರದಿಂದ ಹಾಕಿ ನೋಡಿದಳು. ನಿಧಾನವಾದರೆ ಹೆಸರು ಸರಿ. ಅವಸರವಾದರೆ ತಂಗಿಯ ಕಾರ್ಡಿನಲ್ಲೂ ನಾನೇ.

“ಮಾಮಾ, ಕಾರ್ಡ್ ಠೀಕ್ ಹೈ. ಡ್ರೈವರ್ ಖರಾಬ್ ಹೈ” ಎಂದಳು. ಕಾರ್ಡು ಸರಿ, ಕೆಟ್ಟದ್ದು ಡ್ರೈವರ್.

ಡ್ರೈವರ್ ಎಂದರೆ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಓಡಾಡುವ ಪ್ರೋಗ್ರಾಮಂತೆ. ನನ್ನ ಲೆಕ್ಕದಲ್ಲಿ ಅದು ಮಾಣಿ. ಗಿರಾಕಿ ಎದ್ದುಹೋದದ್ದನ್ನು ನೋಡದೆ, ಹೊಸದಾಗಿ ಕೂತವನ ಮುಂದೆ ಹಳಬನ ದೋಸೆ ಇಡುವ ಮಾಣಿ. ಅಂಥವನನ್ನು ನಾನು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ತಾವು ಇಟ್ಟುಕೊಂಡಿದ್ದೀರಿ, ಮುದ್ರೆ ಒತ್ತಿ.

ಇದನ್ನು ಟೆಸ್ಟ್ ಮಾಡಿದವರು ಯಾರು ಎಂದು ಶ್ರದ್ಧಾ ಕೇಳಿದಳು. ನಾನು ಮೆಲ್ಲಗೆ ಡ್ರಾಯರ್ ಎಳೆದು ಒಂದು ಕಾಗದದ ಪ್ರತಿ ತೆಗೆದುಕೊಟ್ಟೆ. ಯಂತ್ರ ಕೂರಿಸಿದ ದಿನ ಕಂಪೆನಿಯವರು ‘ಬಳಕೆದಾರರ ಪರೀಕ್ಷೆ’ ಎಂಬ ಕಾಗದ ಮುಂದಿಟ್ಟಿದ್ದರು. ಹತ್ತು ಸಲ ಕಾರ್ಡು ಹಾಕಿ ನೋಡಬೇಕಿತ್ತು. ಹತ್ತು ಸಲವೂ ನನ್ನದೇ ಹಾಕಿದೆ. ಹತ್ತು ಸಲವೂ ಪರದೆಯಲ್ಲಿ ನನ್ನ ಹೆಸರೇ ಬಂತು. ಅದನ್ನು ನೋಡುವುದೇ ಒಂದು ಸುಖ. ‘ಅತ್ಯುತ್ತಮ’ ಎಂದು ಬರೆದು, ಹೆಸರಿನ ಮುಂದೆ ‘ಅನುಭವಿ’ ಎಂದೂ ಸೇರಿಸಿ ಸಹಿ ಹಾಕಿದ್ದೆ. ಶ್ರದ್ಧಾ ಅದನ್ನು ಓದಿ, ಮಡಿಸಿ ಮತ್ತೆ ಡ್ರಾಯರಿಗೇ ಹಾಕಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ನನ್ನದು ಜಂಭ. ತಮ್ಮದು ಏನು ಸ್ವಾಮೀ? ಒಬ್ಬನೇ ಮನುಷ್ಯ ಒಂದೇ ಕಾರ್ಡನ್ನು ಹತ್ತು ಸಲ ಹಾಕಿದ ಕಾಗದ ಕಚೇರಿಗೆ ಬಂದಾಗ, ಎರಡನೆಯವನ ಕಾರ್ಡು ಎಲ್ಲಿ ಎಂದು ಕೇಳಲು ಒಬ್ಬರೂ ಇರಲಿಲ್ಲವೇ? ಆಸ್ಪತ್ರೆಯ ಸಾಲಿನಲ್ಲಿ ಜನ ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುತ್ತಾರೆಂದು ತಮಗೆ ತಿಳಿಯದೇ? ಏಳನೆಯ ಕ್ಲಾಸಿನವನ ಸಹಿಯ ಮೇಲೆ ಇಷ್ಟೊಂದು ಭರವಸೆ ನನ್ನ ಹೆಂಡತಿಗೂ ಇಲ್ಲ.

ಕಳೆದ ಭಾನುವಾರ ಕೋಪರಿಗೆ ಹೋಗಿ ಉಮಾವತಿಯ ಮುಂದೆ ತಪ್ಪೊಪ್ಪಿಕೊಂಡೆ. ಕಾವಲಿಯ ಅಂಚು ಕಾಣದೆ ಅವಳ ಬೆರಳುಗಳು ಸುಟ್ಟಿದ್ದವು. ಚಹಾ ಕೊಟ್ಟಳು, ಕಪ್ಪು ಎಲ್ಲಿದೆ ಎಂದು ತಡಕಿ ತಡಕಿ. ಆಮೇಲೆ ಒಂದೇ ಮಾತು ಕೇಳಿದಳು: “ಈಗ ಹಾಕಿದ್ರೆ ನನ್ನ ಹೆಸರು ಬರ್ತದಾ ಅಣ್ಣ?”

ಕಾರ್ಡು ಇನ್ನೂ ಬಂದ್ ಆಗಿಯೇ ಇದೆ. ನಾನು ಚಹಾ ಕುಡಿದು ಎದ್ದೆ.

ಆದ್ದರಿಂದ ಕೇಳುತ್ತೇನೆ. ಈ ಡ್ರೈವರನ್ನು ಸರಿಪಡಿಸಿ. ಬೇರೆ ಬೇರೆ ಜನರ ಸವೆದ ಕಾರ್ಡುಗಳನ್ನು, ನಮ್ಮ ಸಾಲಿನ ಅವಸರದಲ್ಲೇ ಹಾಕಿ ನೋಡದೆ ಯಾವ ಯಂತ್ರಕ್ಕೂ ಮುದ್ರೆ ಒತ್ತಬೇಡಿ. ಅದಕ್ಕೂ ಮೊದಲು ಉಮಾವತಿಯ ಕಾರ್ಡು ತೆರೆಯಿರಿ, ತಪ್ಪು ಅವಳದ್ದಲ್ಲ ಎಂದು ಕಚೇರಿಯ ಕಾಗದದಲ್ಲಿ ಬರೆದು ಕಳಿಸಿ. ಅದೇ ಕೌಂಟರಿನಲ್ಲಿ, ಸಾಲಿನ ತುದಿಗೂ ಕೇಳುವ ಹಾಗೆ, ನಾನೇ ಓದುತ್ತೇನೆ.

ಇಂತಿ,
‘ಅನುಭವಿ’ ಎಂಬುದನ್ನು ಹೊಡೆದುಹಾಕಿ ಸಹಿ ಮಾಡುತ್ತಿರುವ
ದೇವದಾಸ್, ಡೊಂಬಿವಲಿ